ಬೆಳ್ಳಗಾದ ಸೀರೆಪುಟ

ಕುದಿಯುವ ಗಂಜಿಯ ವಾಸನೆ ಎಂದರೆ ನನಗೆ ನನ್ನ ಬಾಲ್ಯ. ನೂಲಿಗೆ ಗಂಜಿ ಹಚ್ಚುವ ಬೆಟಗೇರಿಯ ಓಣಿಯಲ್ಲಿ ಹುಟ್ಟಿದವಳು ನಾನು. ಶಾಲೆಯಿಂದ ಬರುವಾಗ ಆ ವಾಸನೆ ಇಲ್ಲದಿದ್ದರೆ ಅಪ್ಪ ಮಗ್ಗ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದಾನೆ ಎಂದು ತಿಳಿಯುತ್ತಿತ್ತು. ಅಂದು ಮುಂಜಾನೆ ಗೆಳತಿ ಹಾಜಿರಾಬಿಯ ಜೊತೆ ನೇಕಾರರ ಸಂಘದ ಮೆಟ್ಟಿಲು ಹತ್ತುವಾಗ ಅದೇ ವಾಸನೆ ಮೂಗಿಗೆ ಬಡಿಯಿತು.

"ನಿನ್ನೆ ಇರಲಿಲ್ಲ ನೋಡು," ಎಂದೆ.

ಅವಳು ಕೇಳಿಸಿಕೊಂಡಳೋ ಇಲ್ಲವೋ. ಮೇಲೆ ಯಾರೋ ಕೂಗಾಡುತ್ತಿದ್ದರು.

"ಬರ್ರಿ ಫೌಜದಾರ್ರ! ನೋಡ್ರಿ ನಿಮ್ಮ ತಮ್ಮನ ಮಗಳ ಕೆಲಸ!" ಸಂಘದ ಅಧ್ಯಕ್ಷ ಕೊಟ್ರಪ್ಪ ಕಂಪ್ಯೂಟರಿನ ಪರದೆಗೆ ಬೆರಳು ಕುಟ್ಟಿದರು. ಹಾಜಿರಾಬಿ ಪೊಲೀಸ್ ಇಲಾಖೆ ಬಿಟ್ಟು ವರ್ಷಗಳಾದರೂ ಊರಿಗೆ ಇನ್ನೂ ಫೌಜದಾರಳೇ.

ಪರದೆ ಪೂರ್ತಿ ಬೆಳ್ಳಗಿತ್ತು. ಒಂದು ಸೀರೆಯೂ ಇಲ್ಲ.

"ಮಧ್ಯಾಹ್ನ ಖರೀದಿದಾರ್ರು ಬರ್ತಾರ. ಅವರಿಗೆ ಏನ ತೋರಸ್ಲಿ — ನನ್ನ ಮಾರಿ?"

ಮೂಲೆಯಲ್ಲಿ ಆ ತಮ್ಮನ ಮಗಳು ನೂರೀನ ನಿಂತಿದ್ದಳು; ಹಾಜಿರಾಬಿ ಅವಳಿಗೆ ಫುಫು, ಅಂದರೆ ಸೋದರತ್ತೆ. ಗಿರಾಕಿಗಳು ಕೂತಲ್ಲೇ ಅಂಚು, ಸೆರಗು, ಬಣ್ಣ ಆರಿಸಿ ಸೀರೆ ನೋಡುವ ಪುಟ ಅವಳು ಕಟ್ಟಿದ್ದು. ಗುಂಡಿ, ಪಟ್ಟಿ, ಬಣ್ಣದ ಚೌಕಗಳೆಲ್ಲ ಸಿದ್ಧವಾಗಿ ಸಿಗುವ ಒಂದು ಜಾವಾಸ್ಕ್ರಿಪ್ಟ್ ಟೂಲ್‌ಕಿಟ್ ಅನ್ನು ತಾನೇ ಕಲಿತು ಕಟ್ಟಿದ್ದಳು. ಬಂದವರು ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಇವತ್ತೇ ಕೊನೆ.

"ಹಳೇ ಟೂಲ್‌ಕಿಟ್ ಕಲ್ತವ್ರ ಹಣೇಬಾರ ಇಷ್ಟ," ಎಂದು ನಕ್ಕವನು ವೀರು. ಅವಳ ಕೆಲಸ ತಪಾಸಣೆ ಮಾಡಲೆಂದು ಸಂಘ ಮುಂಡರಗಿಯಿಂದ ಕರೆಸಿದ ಹುಡುಗ, ಬಂದು ತಿಂಗಳಾಗಿರಲಿಲ್ಲ. ಕೊರಳಲ್ಲಿ ಇಯರ್‌ಫೋನ್ ಜೋತುಬಿದ್ದಿತ್ತು. ಅದರ ತಂತಿ ಜೇಬಿನ ಫೋನಿಗೆ ಇಳಿದಿತ್ತು. "ಹೊಸಾ ವರ್ಷನ್ ಬಂದೈತಿ, ಬದಲಿ ಮಾಡು ಅಂದೆ. ಕೇಳಿದ್ಲಾ?"

ಹಾಜಿರಾಬಿ ಕುರ್ಚಿ ಎಳೆದುಕೊಂಡಳು. "ಏನಾಗೇತಿ ನೂರೀನ? ನನಗ ತಿಳಿಯೂಹಂಗ ಹೇಳು."

"ಯಾರೋ ಹಳೇ ವರ್ಷನ್ ತಗದು ಅದರ ಜಾಗದಾಗ ಹೊಸಾದು ಇಟ್ಟಾರ, ಫುಫು. ನಾ ಬರದದ್ದೆಲ್ಲಾ ಹಳೇದಕ್ಕ ಹೊಂದೂಹಂಗ ಐತಿ. ಅರ್ಧ ಸೀರಿ ನೇದ ಮ್ಯಾಲ ಎಳಿ ಹಾಯೋ ಮಗ್ಗದ ಹಣಗಿ ಬದಲಿ ಮಾಡಿಧಂಗ ಆಗೇತಿ. ಹಳೇದು ನನ್ನ ಹತ್ರ ಐತಿ, ಆದ್ರ ಕಾಕಾರು ಕಂಪ್ಯೂಟರ್ ಮುಟ್ಟಾಕ ಬಿಡವಲ್ರು."

"ಮುಟ್ಟಿದ್ರ ಕೈ ಮುರೀತೀನಿ!" ಕೊಟ್ರಪ್ಪ ಗುಡುಗಿದರು. "ಹೊಸಾದು ಹಾಕಾಕ ಹೋಗಿ ತಾನ ಕೆಡಸ್ಯಾಳ. ಈಗ ಕಳ್ಳರ ಕಥಿ ಕಟ್ಟಾಕತ್ತಾಳ!"

"ಪಾಸ್‌ವರ್ಡ್ ಯಾರ್ಯಾರ ಹತ್ರ ಐತಿ?" ಹಾಜಿರಾಬಿ ಕೇಳಿದಳು.

"ನನ್ನ ಹತ್ರ, ವೀರು ಸರ್ ಹತ್ರ, ಫೋಟೋ ಹಾಕೋ ಇಜಾಜನ ಹತ್ರ," ಎಂದಳು ನೂರೀನ.

ಬಾಗಿಲಲ್ಲಿದ್ದ ಇಜಾಜ ಎರಡೂ ಕೈ ಎತ್ತಿದ. "ನಿನ್ನೆ ಇಡೀ ದಿನ ಕಾಕಾರ ಜೋಡಿ ಲಕ್ಷ್ಮೇಶ್ವರದಾಗ ಇದ್ದೆ, ಫೌಜದಾರ್ರ. ಕ್ಯಾಮೆರಾನೂ ಹೊತ್ತೆ, ಇವರ ಬೈಗಳಾನೂ ಹೊತ್ತೆ."

"ಖರೆ," ಕೊಟ್ರಪ್ಪ ಗೊಣಗಿದರು.

"ಪುಟ ಯಾವಾಗ ಕೆಟ್ಟಿತು?"

"ನಿನ್ನೆ ಮಧ್ಯಾಹ್ನ. ಮನ್ಯಾಗ ಕಂಪ್ಯೂಟರ್ ಇಲ್ಲ, ಫೋನಿನಾಗ ನೋಡಿದೆ — ಬೆಳ್ಳಗ! ಕೂಡ್ಲೇ ವೀರು ಸರ್‌ಗೆ ಫೋನ್ ಹಚ್ಚಿದೆ. ಮತ್ತ ಮತ್ತ ಹಚ್ಚಿದೆ. ಎತ್ತಲಿಲ್ಲ."

ಹಾಜಿರಾಬಿ ವೀರುವಿನ ಕಡೆ ತಿರುಗಿದಳು. "ಯಾಕ ಎತ್ತಲಿಲ್ಲಪಾ?"

"ಮೇಡಮ್, ನನ್ನ ಖೋಲಿ ಇರೂದ ಮಗ್ಗದ ಓಣ್ಯಾಗ. ನಿನ್ನೆ ಆ ಖಟಾಪಟಾ ಸಪ್ಪಳದಾಗ ಫೋನ್ ಬಡಕೊಂಡದ್ದು ಹೆಂಗ ಕೇಳ್ಬೇಕ್ರಿ?"

"ಬಾಳ ಸಪ್ಪಳ ಇತ್ತೇನು?"

"ತಲಿ ಸಿಡೀತಿತ್ರಿ."

"ಅದಕ್ಕ ಈ ತಂತಿ ಕಿವ್ಯಾಗ ಹಾಕ್ಕೊಂಡ ಕೆಲಸ ಮಾಡ್ತಿ?"

"ದಿನಾ. ಎದ್ದಾಗಿಂದ."

"ನಿನ್ನೇನೂ?"

"ನಿನ್ನೇನೂ. ಅದ್ಯಾಕ ಕೇಳ್ತೀರಿ? ನಿಮ್ಮ ಹುಡುಗೀನ ಉಳಿಸಾಕ ನನ್ನ ಕೊರಳಿಗೆ ಕಟ್ತೀರೇನು?"

ಹಾಜಿರಾಬಿ ನನ್ನತ್ತ ನೋಡಿದಳು.

"ಸಾವಿತ್ರಿ, ಮೆಟ್ಟಲ ಹತ್ತೂ ಮುಂದ ಏನಂದಿ?"

"ಗಂಜಿ ವಾಸನಿ ನಿನ್ನೆ ಇರಲಿಲ್ಲ ಅಂದೆ."

"ಯಾಕ ಇರಲಿಲ್ರಿ, ಕೊಟ್ರಪ್ಪನವರ?"

ಕೊಟ್ರಪ್ಪನವರ ದನಿ ಇಳಿಯಿತು. "ನಿನ್ನೆ... ಅಮಾಸಿ."

"ಅಮಾಸಿ ದಿನ ಬೆಟಗೇರ್ಯಾಗ ಎಷ್ಟ ಮಗ್ಗ ನಡೀತಾವು?"

"ಒಂದೂ ಇಲ್ಲ. ಮಗ್ಗಕ್ಕ ಸೂಟಿ ಅಂತನ ನಾ ಲಕ್ಷ್ಮೇಶ್ವರಕ್ಕ ಹೋಗಿದ್ದೆ."

ಹೊರಗೆ ಇವತ್ತಿನ ಮಗ್ಗಗಳು ಬಡಿಯುತ್ತಿದ್ದವು.

"ದಿನಾ ಇರೋ ಸಪ್ಪಳ ನಿನ್ನೇನೂ ಇತ್ತು ಅಂತ ತಿಳಕೊಂಡಿ," ಹಾಜಿರಾಬಿ ಮೆಲ್ಲಗೆ ಹೇಳಿದಳು. "ಮುಂಜಾನಿಂದ ಕಿವಿ ಮುಚ್ಚಿತ್ತು, ಓಣಿ ಸುಮ್ಮನಿದ್ದದ್ದು ನಿನಗ ಗೊತ್ತಾಗಲಿಲ್ಲ. ಆದ್ರ ತಂತಿಯ ಇನ್ನೊಂದ ತುದಿ ಫೋನಿನಾಗ ಐತಲ್ಲ? ಇಕಿ ಫೋನ್ ಹಚ್ಚಿದ್ರ ಅದು ನಿನ್ನ ಕಿವ್ಯಾಗನ ಬಡಕೋಬೇಕು. ಕೇಳಿದಿ. ಎತ್ತಲಿಲ್ಲ. ಮ್ಯಾಲ ಸುಳ್ಳ ಹೇಳಿದಿ. ಪುಟ ಬೆಳ್ಳಗಾಗೇತಿ ಅನ್ನೂದು ನಿನಗ ಮೊದಲ ಗೊತ್ತಿತ್ತು — ಬದಲಿ ಮಾಡಿದಾವ ನೀನ."

ವೀರುವಿನ ಮುಖ ಕೆಂಪೇರಿತು. "ಹೌದು, ಮಾಡೀನಿ! ಹೊಸಾದು ಹಾಕ್ರಿ ಅಂತ ಬಡಕೊಂಡ್ರೂ ಕೇಳಲಿಲ್ಲ. ಮಧ್ಯಾಹ್ನ ಬಂದವ್ರ ಮುಂದ ನಾನ ಸರಿ ಮಾಡಿ ತೋರಸ್ತಿದ್ದೆ. ಆಗ ಯಾರಿಗೆ ಬರ್ತೈತಿ, ಯಾರಿಗೆ ಬರೂದಿಲ್ಲ, ಗೊತ್ತಾಗ್ತಿತ್ತು!"

"ಹೊರಗ ನಡಿ," ಎಂದರು ಕೊಟ್ರಪ್ಪ. ಈ ಸಲ ಕೂಗಲಿಲ್ಲ.

ವೀರು ಇಳಿದುಹೋದ. ನೂರೀನ ಯಾರನ್ನೂ ಕೇಳದೆ ಕಂಪ್ಯೂಟರಿನ ಮುಂದೆ ಕೂತಳು. ಹಳೆಯ ಟೂಲ್‌ಕಿಟ್ ಅನ್ನು ಅದರ ಜಾಗಕ್ಕೆ ಮರಳಿ ಇಟ್ಟಳು. ಮೊದಲು ಬಣ್ಣದ ಚೌಕಗಳು ಮೂಡಿದವು. ಆಮೇಲೆ ಕೆಂಪಂಚಿನ ಹಸಿರು ಸೀರೆ, ಅದರ ಹಿಂದೆ ಉಳಿದವು.

"ಮುಂಜಾನಿಂದ ಏನೂ ತಿಂದಿಲ್ಲ ಅಕಿ," ಎಂದ ಇಜಾಜ, ಯಾರಿಗೆಂದು ಹೇಳದೆ.

ಕೊಟ್ರಪ್ಪ ಕೆಮ್ಮಿದರು. ಕಿಟಕಿಯಲ್ಲಿಟ್ಟಿದ್ದ ತಮ್ಮ ಬುತ್ತಿ ತಂದು ಗಂಟು ಬಿಚ್ಚಿದರು — ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಅದನ್ನು ಅವಳ ಕೈಗೆ ಕೊಟ್ಟು, ಖರೀದಿದಾರರ ದಾರಿ ನೋಡಲು ಕೆಳಗಿಳಿದರು.