ಇದ್ದಿಲ ಚಿತ್ರಶಾಲೆಗೆ ಹೋದ ಬೊಮ್ಮಕ್ಕ

ಬಹಳ ಹಿಂದೆ, ಮೋಡಗಳು ಬೆಟ್ಟದ ನೆತ್ತಿಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ನೀಲವಟ್ಟಿ ಎಂಬ ಒಂದು ರಾಜ್ಯವಿತ್ತು. ಅದರ ಕಾಡಂಚಿನಲ್ಲಿ ಚನ್ನಾಜಿ, ಬೊಮ್ಮಕ್ಕ ಎಂಬ ಅಕ್ಕತಂಗಿಯರಿದ್ದರು. ತಾಯಿಯಿಲ್ಲದ ತಂಗಿಯನ್ನು ಅಕ್ಕನೇ ಬೈದು, ಉಣಿಸಿ, ಬೆಳೆಸಿದ್ದಳು. ಇಬ್ಬರೂ ಒಣಮರ ಸುಟ್ಟು ಇದ್ದಿಲು ಮಾಡಿ ಮಾರುತ್ತಿದ್ದರು.

ಏಳು ವರ್ಷದ ಹಿಂದೆ ರಾಜಧಾನಿಗೆ ಅಂಜನ ಎಂಬ ಮಾಯಾವಿ ಬಂದು ಚಿತ್ರಶಾಲೆ ಕಟ್ಟಿಸಿದ್ದ. ಬಣ್ಣವಿಲ್ಲ, ಬರೀ ಇದ್ದಿಲಿನ ಚಿತ್ರಗಳು. ಹೂಜಿ, ಹಣ್ಣು, ಮನುಷ್ಯರ ಮುಖ. ಊರಿಗೆ ಊರೇ ಹೋಗಿ ನೋಡಿತು. ರಾಜನಂತೂ ದಿನವೂ ಹೋಗುತ್ತಿದ್ದ.

ಒಂದು ದಿನ ಅಲ್ಲಿಗೆ ಇದ್ದಿಲು ಕೊಡಲು ಹೋದ ಚನ್ನಾಜಿ ಮರಳಲಿಲ್ಲ. ಬೊಮ್ಮಕ್ಕ ಮನೆಮನೆಗೂ ಹೋಗಿ ವಿಚಾರಿಸಿದಳು.

"ಯಾವ ಚನ್ನಾಜಿ? ಆ ಹೆಸರೇ ಕೇಳಿಲ್ಲವಲ್ಲ ಮಗಳೆ," ಎಂದಳು ನಿತ್ಯ ಅವಳಿಂದಲೇ ಇದ್ದಿಲು ಕೊಳ್ಳುತ್ತಿದ್ದ ಕಮ್ಮಾರನ ಹೆಂಡತಿ.

ಬೊಮ್ಮಕ್ಕ ಒಂದು ತುಂಡು ಇದ್ದಿಲನ್ನು ಮಡಿಲಿಗೆ ಕಟ್ಟಿಕೊಂಡಳು. ನೇರ ಚಿತ್ರಶಾಲೆಗೆ ನಡೆದಳು.

ಬಾಗಿಲಲ್ಲಿ ಕಪ್ಪು ಧೂಪ ಹೊಗೆಯಾಡುತ್ತಿತ್ತು. ಅವಳ ಮುಂದಿದ್ದ ಮುದುಕ "ನನ್ನ ಮೊಮ್ಮಗಳು..." ಎಂದು ಶುರುಮಾಡಿದವನು, ಎರಡು ಹೆಜ್ಜೆ ಇಟ್ಟು, "ಏನು ಹೇಳುತ್ತಿದ್ದೆ?" ಎಂದ. ಆ ಹೊಗೆ ಕುಡಿದವರು ಕಾಣೆಯಾದವರನ್ನು ಮರೆಯುತ್ತಿದ್ದರು. ಬೊಮ್ಮಕ್ಕನೋ ಹೊಗೆಯಲ್ಲೇ ಹುಟ್ಟಿ ಬೆಳೆದವಳು. ಎರಡು ಸಲ ಕೆಮ್ಮಿದಳು, ಅಷ್ಟೆ.

ಮೊದಲ ಕೋಣೆಯಲ್ಲಿ ಜೋಡಿಸಿಟ್ಟ ವಸ್ತುಗಳ ಚಿತ್ರಗಳು. ಹೂಜಿಯ ಮೈಮೇಲೆ ತಣ್ಣೀರ ಹನಿ ಜಾರುತ್ತಿತ್ತು. ಬಿಡಿಸಿದ ಹಲಸಿನ ತೊಳೆಗಳು ಘಮಘಮಿಸುತ್ತಿದ್ದವು. "ಕುಡಿ ಬಾ, ತಿನ್ನು ಬಾ," ಎಂದು ಕರೆದವು. ಬೊಮ್ಮಕ್ಕ ಕೈ ಚಾಚಿದಳು. ಆಗ ಹೂಜಿಯ ನೆರಳು ಕಣ್ಣಿಗೆ ಬಿತ್ತು. ಅದು ಮೊಣಕಾಲೂರಿ ಕುಳಿತ ಮನುಷ್ಯನ ನೆರಳು. ಹಣ್ಣಿಗೂ ಮನುಷ್ಯನ ನೆರಳೇ. ಮುಟ್ಟಿದವರೇ ಇಲ್ಲಿ ವಸ್ತುಗಳಾಗಿದ್ದಾರೆ! ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ಹೋದಳು.

ಎರಡನೆಯ ಕೋಣೆಯಲ್ಲಿ ಇದ್ದಿಲ ಹುಲಿ ಗೋಡೆಯಿಂದ ಧುಮುಕಿತು. "ತಿನ್ನುತ್ತೇನೆ!"

ಬೊಮ್ಮಕ್ಕ ಹಿಂದೆ ಸರಿದು ನೋಡಿದಳು. ಹುಲಿಗೆ ಹಿಂಗಾಲೊಂದು ಇರಲಿಲ್ಲ. "ಅಯ್ಯೋ, ಇದ್ಯಾಕೋ ಹೀಗೆ?"

"ಓಡಿಹೋಗದಿರಲಿ ಅಂತ ಅಂಜನ ಬರೆಯದೇ ಬಿಟ್ಟ," ಎಂದಿತು ಹುಲಿ, ತಲೆ ತಗ್ಗಿಸಿ.

ಅವಳು ಮಡಿಲಿನಿಂದ ಇದ್ದಿಲು ತೆಗೆದು ಕಾಲು ಬರೆದುಕೊಟ್ಟಳು. ಕಾಲು ತುಸು ಸೊಟ್ಟಗಾಯಿತು. ಹುಲಿ ಅದನ್ನೇ ಊರಿ ನಿಂತು, ಅವಳ ಅಂಗೈ ನೆಕ್ಕಿ, ಹೊರಗಿನ ಬಿಸಿಲಿಗೆ ಹಾರಿಹೋಯಿತು.

ಮೂರನೆಯ ಕೋಣೆಯ ತುಂಬ ಮುಖಗಳು. ರಾಜ ಒಂದು ಚಿತ್ರದೆದುರು ನಿಂತು, "ಯಾರೋ ಪಾಪ, ದುಃಖದ ಹೆಂಗಸು," ಎನ್ನುತ್ತಿದ್ದ. ಬೊಮ್ಮಕ್ಕ ನೋಡಿದರೆ ಅದು ಹಿಂದೆ ಮೆರವಣಿಗೆಯಲ್ಲಿ ಅವಳು ಕಂಡಿದ್ದ, ಅವನದೇ ರಾಣಿ ಪದ್ಮಲೆ!

"ನನ್ನ ಗೆರೆಗೂ ನಿಜಕ್ಕೂ ವ್ಯತ್ಯಾಸ ಹೇಳುವವರು ಇನ್ನೂ ಹುಟ್ಟಿಲ್ಲ," ಎನ್ನುತ್ತ ಅಂಜನ ಬಂದ. "ಇಗೋ, ನಿನ್ನ ಅಕ್ಕನ ಹನ್ನೆರಡು ಮುಖ. ನಿಜವಾದವಳು ಒಬ್ಬಳೇ. ಹೆಸರು ಹಿಡಿದು ಕರೆದರೆ ಬಂದಾಳು. ತಪ್ಪಿದರೆ ಹದಿಮೂರನೆಯ ಚಿತ್ರ ನೀನು."

ಹನ್ನೊಂದು ಚನ್ನಾಜಿಯರು ಹೂವಿನಂತೆ ನಕ್ಕು ಅವಳನ್ನು ಸ್ವಾಗತಿಸಿದರು. ಹನ್ನೆರಡನೆಯವಳ ಹುಬ್ಬು ಗಂಟಿಕ್ಕಿತ್ತು; ಕಣ್ಣಲ್ಲಿ ಬೆಂಕಿಯಂಥ ಸಿಟ್ಟು, ಅದರಡಿಯಲ್ಲಿ ಭಯ. ಸಾಯುವ ಜಾಗಕ್ಕೆ ತಂಗಿ ಬಂದರೆ ನಗುವ ಅಕ್ಕ ಯಾರಿದ್ದಾಳೆ?

"ಚನ್ನಾಜಿ! ಅಕ್ಕಾ!"

ಕಾಗದ ನೀರಿನಂತೆ ಅಲುಗಿತು. ಚನ್ನಾಜಿ ಕೆಮ್ಮುತ್ತ ಹೊರಬಂದು, "ಕತ್ತೆ! ನಿನ್ನನ್ನು ಯಾರು ಬರಹೇಳಿದರು?" ಎಂದು ಗದರಿ, ಬಾಚಿ ತಬ್ಬಿಕೊಂಡಳು. "ನೋಡುತ್ತ ನಿಂತೆಯಲ್ಲೆ, ಈ ಹಾಳು ಹೊಗೆ ಹೋಗಲಿ, ಕಿಟಕಿ ತೆಗಿ!"

ಇಬ್ಬರೂ ಓಡಿ ಕಿಟಕಿಗಳನ್ನೆಲ್ಲ ತೆರೆದರು. "ಬೇಡ!" ಎಂದು ಅಂಜನ ಚೀರಿದ. ಗಾಳಿ ನುಗ್ಗಿ ಹೊಗೆಯನ್ನು ಗುಡಿಸಿಕೊಂಡು ಹೋಯಿತು. ರಾಜ ಕಣ್ಣುಜ್ಜಿಕೊಂಡ. "ಪದ್ಮಲೇ..."

ಮುದುಕ ಮೊಮ್ಮಗಳ ಹೆಸರು ಕೂಗಿದ. ನೆನಪು ಮರಳಿ ಬೀದಿಬೀದಿಗಳಿಂದ ಜನ ಓಡಿಬಂದು ತಮ್ಮವರನ್ನು ಕೂಗಿದರು. ಹೆಸರಿಗೊಬ್ಬರು ಗೋಡೆಯಿಂದ ಇಳಿದರು. ಹೂಜಿಯಾಗಿದ್ದ ಕುಂಬಾರ ಮೈಮುರಿದ, ಹಲಸಿನ ಹಣ್ಣಾಗಿದ್ದ ಹೂವಾಡಗಿತ್ತಿ ಆಕಳಿಸಿದಳು. ಒಬ್ಬೊಬ್ಬರು ಇಳಿದಂತೆಲ್ಲ ಅಂಜನ ಮಸುಕಾದ. ಕೊನೆಯ ಹೆಸರು ಕರೆದಾಗ ಅವನು ನೆಲದ ಮೇಲೊಂದು ಹಿಡಿ ಮಸಿ. ಗಾಳಿ ಅದನ್ನೂ ಒಯ್ದಿತು.

ರಾಣಿ ರಾಜನ ಮುಖ ನೋಡಿದಳು. "ಏಳು ವರ್ಷ ದಿನವೂ ಬಂದಿರಿ. ದಿನವೂ ನಿಮ್ಮನ್ನು ಕೂಗಿದೆ."

"ಯಾಕೆ ಬರುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ ಪದ್ಮಲೆ," ಎಂದು ರಾಜ ಮಗುವಿನಂತೆ ಅತ್ತ. "ಆದರೆ ಬರದೆ ಇರಲಾಗುತ್ತಿರಲಿಲ್ಲ."

ರಾಣಿ ಅವನ ಕೈ ಹಿಡಿದಳು. ಅಂದಿನಿಂದ ನೀಲವಟ್ಟಿಯಲ್ಲಿ ಹಾಲು ಉಕ್ಕಿದಂತೆ ಸುಖ ಉಕ್ಕಿತು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತ, ಓಗೊಡುತ್ತ, ಎಲ್ಲರೂ ನೂರು ಕಾಲ ಬಾಳಿದರು.