ಮೋಟಾರಿನ ಕಡಾಣಿ

1956ರ ಡಿಸೆಂಬರ್ 11, ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷವಿರುವಾಗ ದೇವಿಂದ್ರ ಸುರಪುರ ಠಾಣೆಯೊಳಗೆ ಓಡಿಬಂದ. ತಾಲ್ಲೂಕು ಕಚೇರಿಯ ಗುಮಾಸ್ತನಾದ ಅವನು ಠಾಣೆಯವರಿಗೆಲ್ಲ ಪರಿಚಿತ. ಅಂಗಿಯ ಎದೆಯೆಲ್ಲ ರಕ್ತವಾಗಿತ್ತು, ಆದರೆ ಅದು ಅವನದಾಗಿರಲಿಲ್ಲ. ರಂಗಂಪೇಟೆಯ ತಿರುವಿನಲ್ಲಿ ಬಾಡಿಗೆ ಕಾರು ಮಗುಚಿ ಅವನ ಹೆಂಡತಿ ಬಾಲಮ್ಮ ಸ್ಥಳದಲ್ಲೇ ಸತ್ತಿದ್ದಳು. ಅಲ್ಲಿಂದ ಅವರ ಮನೆಯ ಬಾಗಿಲು ಕಾಣುತ್ತಿತ್ತು.

ಎಫ್‌ಐಆರ್ ಬರೆಯಲು ಕೂತವರು ದಫೇದಾರ ಖಾಜಾಮಿಯಾ. ನಿಜಾಮರ ಕಾಲದಿಂದ ಉರ್ದುವಿನಲ್ಲೇ ಪಳಗಿದ ಕೈ ಅದು. ರಾಜ್ಯ ಒಂದಾಗಿ ನಲವತ್ತು ದಿನ ಕಳೆದಿದ್ದರೂ ಕನ್ನಡದ ಒತ್ತಕ್ಷರಗಳು ಅವರ ಮಾತು ಕೇಳುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಬರೆದುಕೊಂಡರು. ದೇವಿಂದ್ರ ಹೆಂಡತಿಯನ್ನು ಬಳಿಚಕ್ರದ ತವರಿನಿಂದ ಕರೆತರುತ್ತಿದ್ದ. ಇಪ್ಪತ್ತು ವರ್ಷ ಹಳೆಯ ಕಾರು. ಸೋಮವಾರ ಅದರ ಮುಂದಿನ ಗಾಲಿಗಳ ಮೇಲಿನ ಸ್ಪ್ರಿಂಗು, ಅಂದರೆ ಕಮಾನುಪಟ್ಟಿ, ಕಟಕಟ ಅಂದಿದ್ದರಿಂದ ಯಾದಗಿರಿಯ ಮಿಸ್ತ್ರಿ ನಸೀರುದ್ದೀನ ಅತ್ತೆಯ ಅಂಗಳಕ್ಕೇ ಬಂದು ಬೋಲ್ಟುಗಳ ಸುತ್ತ ಕೂರುವ ನಾಲ್ಕು ಹೊಸ ಬುಶ್ಶು ಹಾಕಿಕೊಟ್ಟಿದ್ದ. ಅವನೇ ನನ್ನ ಹೆಂಡತಿಯನ್ನು ಕೊಂದವನು ಎಂದು ದೇವಿಂದ್ರ ಹೇಳಿದ. ಅದೂ ದಾಖಲಾಯಿತು.

ಹನ್ನೊಂದು ನಲವತ್ತಕ್ಕೆ ಸಬ್‌ ಇನ್ಸ್‌ಪೆಕ್ಟರ್ ತಾಯಪ್ಪ ಕಾನ್‌ಸ್ಟೇಬಲ್ ಹುಲಗಪ್ಪನೊಂದಿಗೆ ಸ್ಥಳಕ್ಕೆ ಹೋದರು. ಕಾಲು ಮುರಿದ ಡ್ರೈವರ್ ಗುರಣ್ಣ ಆಸ್ಪತ್ರೆಗೆ ಸಾಗಿಸುವ ಮೊದಲು ಹೇಳಿದ್ದು ಇಷ್ಟೇ: ಕೆಳಗೆ ಟಕ್ ಅಂತ ಸಪ್ಪಳಾಯಿತು, ಆಮೇಲೆ ಗಾಡಿ ಕೈ ಮಾತು ಕೇಳಲಿಲ್ಲ. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಎಡಗಡೆಯ ಕಮಾನುಪಟ್ಟಿ ಚಾಸಿಯಿಂದ ಕಳಚಿಕೊಂಡಿತ್ತು. ಅದರ ತುದಿಯ ಕಣ್ಣಿನೊಳಗೆ ರಬ್ಬರಿನ ಬುಶ್ಶು ಒಂದು ಗೀರೂ ಇಲ್ಲದೆ ಹೊಚ್ಚ ಹೊಸದಾಗಿ ಕೂತಿತ್ತು. ಅದನ್ನು ಹಿಡಿದಿಡಬೇಕಾದ ಬೋಲ್ಟೇ ಇರಲಿಲ್ಲ.

ತಾಯಪ್ಪ ಬಂದ ದಾರಿಯಲ್ಲೇ ನೆಲ ನೋಡುತ್ತ ಹಿಂದಕ್ಕೆ ನಡೆದರು. ಅರವತ್ತು ಹೆಜ್ಜೆಗೆ ಬೋಲ್ಟು ಸಿಕ್ಕಿತು, ಮುಕ್ಕಾಲು ಮೈಲಿಯಾಚೆ ನಟ್ಟು. ಎರಡರ ಹಲ್ಲುಗಳೂ ಸರಿಯಾಗಿದ್ದವು. ಉಳಿದ ಮೂರು ಬೋಲ್ಟುಗಳಲ್ಲಿ ನಟ್ಟು ಬಿಚ್ಚದಂತೆ ತೂರಿಸಿದ ತಂತಿಯ ಪಿನ್ನುಗಳಿದ್ದವು, ಪ್ರತಿಯೊಂದರ ಮೇಲೂ ಕೆಂಪು ಬಣ್ಣದ ಚುಕ್ಕೆ. ನಾಲ್ಕನೆಯದರ ತೂತಿನ ಅಂಚಿಗೂ ಕೆಂಪು ಹತ್ತಿತ್ತು, ಪಿನ್ನು ಮಾತ್ರ ಇರಲಿಲ್ಲ. ಮುರಿದಿದ್ದರೆ ತುಂಡಾದರೂ ಒಳಗೆ ಸಿಕ್ಕಿಕೊಂಡಿರಬೇಕಿತ್ತು. ಯಾರೋ ಅದರ ಮಡಿಸಿದ ತುದಿ ನೆಟ್ಟಗೆ ಮಾಡಿ ಎಳೆದುಹಾಕಿದ್ದರು. ಅಲ್ಲಿಯವರೆಗೆ ಅವರು ಇದನ್ನು ಅಪಘಾತ ಎಂದೇ ತಿಳಿದಿದ್ದರು.

ಯಾದಗಿರಿ ಠಾಣೆಗೆ ಸುದ್ದಿ ಹೋಯಿತು. ಸಂಜೆ ಐದೂವರೆಯ ಬಸ್ಸಿನಲ್ಲಿ ಪೊಲೀಸರು ನಸೀರುದ್ದೀನನನ್ನು ಕರೆತಂದರು. ಅದೇ ಬಸ್ಸಿನಲ್ಲಿ ಸತ್ತವಳ ತಾಯಿ ಮರಿಲಿಂಗಮ್ಮನೂ ಇದ್ದಳು. ಶಹಾಪುರ ದಾಟುವವರೆಗೂ ನಿನ್ನ ಕೈ ಸೇದಿಹೋಗಲಿ ಎಂದು ಆ ತಾಯಿ ಅವನನ್ನು ಶಪಿಸಿದಳಂತೆ, ಅವನು ತಲೆ ಎತ್ತಲಿಲ್ಲವಂತೆ. ಐವತ್ತು ದಾಟಿದ ಮನುಷ್ಯ, ಯಾದಗಿರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಈ ಕೇಸು ಮೈಮೇಲೆ ಬಂದರೆ ಜೈಲಷ್ಟೇ ಅಲ್ಲ, ಇನ್ನು ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ.

"ಪಿನ್ ಹಾಕಿದ್ದೇನು?" ತಾಯಪ್ಪ ಕೇಳಿದರು.

"ನಾಕೂ ಹಾಕೀನ್ರಿ ಸಾಹೇಬ್ರ. ಬುಶ್ಶು ರಬ್ಬರಿಂದು, ಭಾಳ ಬಿಗದರ ಹರೀತದ. ಅದಕ್ಕ ಪಿನ್ನೇ ನಟ್ಟಿಗಿ ಕಾವಲು. ಹಾಕಿದ್ದಕ್ಕ ಬಣ್ಣ ಹಚ್ಚೂದು ನನ್ನ ರೂಢಿ."

"ಆಗ ಹತ್ರ ಯಾರಿದ್ರು?"

ಬಸ್ಸಿನಲ್ಲಿ ಬೈದ ಆ ಅಮ್ಮ ಒಬ್ಬಳೇ ಇದ್ದಳು ಎಂದ. ಎತ್ತಿನ ಗಾಡಿಯ ಮನೆಯವಳು, ಮೋಟಾರಿನ ಹೊಟ್ಟೆ ಎಂದೂ ನೋಡಿದವಳಲ್ಲ. ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಏನು, ಯಾತಕ್ಕೆ ಎಂದು ಕೇಳುತ್ತಿದ್ದಳಂತೆ.

"ಪಿನ್ ಕೇಳಿದಾಗ ಏನಂದಿ?"

"ಅಕಿಗಿ ತಿಳೀಲಿ ಅಂತ, ಇದು ಮೋಟಾರಿನ ಕಡಾಣಿ, ಅಮ್ಮಾ ಅಂದೆ."

ಖಾಜಾಮಿಯಾರ ಲೇಖನಿ ನಿಂತಿತು. ಎತ್ತಿನ ಗಾಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು ಕಡಾಣಿ. ಈ ಕಡೆಯ ಹಳ್ಳಿಗಳಲ್ಲಿ ಮಗಳನ್ನು ಕರೆದೊಯ್ಯಲು ಅಳಿಯ ಅವಸರ ಮಾಡಿದರೆ ಅತ್ತೆ ಗುಟ್ಟಾಗಿ ಆ ಕೀಲು ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಾಳೆ. ಗಾಲಿ ಅಂಗಳದಲ್ಲೇ ವಾಲುತ್ತದೆ, ಎಲ್ಲರೂ ನಗುತ್ತಾರೆ, ಅಳಿಯ ಇನ್ನೊಂದು ದಿನ ಉಳಿಯುತ್ತಾನೆ. ತಾಯಪ್ಪನವರ ಅತ್ತೆಯೂ ಅವರನ್ನು ಎರಡು ದಿನ ಹಾಗೇ ಕಟ್ಟಿಹಾಕಿದ್ದಳು.

ಮರುದಿನ ಬುಧವಾರ ಬೆಳಿಗ್ಗೆ ಏಳೂವರೆಗೆ ಅವರು ರಂಗಂಪೇಟೆಯ ದೇವಿಂದ್ರನ ಮನೆಗೆ ಹೋದರು. ಮಣ್ಣು ಮುಗಿದಿತ್ತು. ಮರಿಲಿಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ತಾಯಪ್ಪ ಅವಳ ಎದುರಿಗೆ ನೆಲದ ಮೇಲೆ ಕೂತರು.

"ಅವ್ವಾ, ಸೋಮವಾರ ಮೋಟಾರಿಂದ ಏನರೆ ತಗದಿದ್ದೇನು?"

ಅವಳು ಮುಚ್ಚಿಡಲಿಲ್ಲ. ಮುಚ್ಚಿಡಲು ಏನಾದರೂ ಇದೆ ಎಂದೇ ಅವಳಿಗೆ ತಿಳಿದಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ನೆಲದ ಮೇಲಿಟ್ಟಳು. ಬಾಗಿದ ತಂತಿ, ತಲೆಯ ಮೇಲೆ ಕೆಂಪು ಚುಕ್ಕೆ.

"ಮಂಗಳಾರ ಹೆಣ್ಮಕ್ಕಳನ್ನ ಕಳಸ್ತಾರೇನ್ರಿ? ಅಳಿಯ ರಜಾ ತೀರ್ಯಾದ ಅಂದ. ಅದಕ್ಕ ಇಕ್ಕಳದಿಂದ ಜಗ್ಗಿ ತಗದೆ, ಅಂಗಳ ದಾಟೂದಿಲ್ಲ ಅಂತ. ಅದು ಭರ್ ಅಂತ ಹೋಯ್ತು. ಮೋಟಾರಿಗಿ ಇದು ಬೇಕಿಲ್ಲೇನೋ ಅಂತ ಸುಮ್ನಾದೆ."

"ಮೋಟಾರಿಂದು ತಡಾ ಆಗಿ ಕಳಚ್ತದವ್ವಾ," ಎಂದರು ತಾಯಪ್ಪ. "ನಲವತ್ತು ಮೈಲಿ ಆದಮ್ಯಾಲೆ."

ಅವಳು ಅಳಲಿಲ್ಲ. ತಂತಿಯನ್ನೇ ನೋಡಿದಳು. "ಆ ಮಿಸ್ತ್ರಿಗಿ ಬೈದೆನಲ್ರಿ," ಎಂದಳು.

ಅಜಾಗರೂಕತೆಯಿಂದ ಸಾವಿಗೆ ಕಾರಣಳಾದ ಆರೋಪದ ಮೇಲೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮರಿಲಿಂಗಮ್ಮನನ್ನು ಬಂಧಿಸಲಾಯಿತು. ನಸೀರುದ್ದೀನನನ್ನು ಬಿಟ್ಟರು. ಬಿಟ್ಟ ಕಾರಣ ಕೇಳಿದ ಮೇಲೆ ಅವನು ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟ, ಯಾದಗಿರಿಯ ಬಸ್ಸು ಬಂದು ಹೋದರೂ ಏಳಲಿಲ್ಲ. ಕೃತ್ಯದ ಉದ್ದೇಶ ಎಂಬಲ್ಲಿ ಖಾಜಾಮಿಯಾ ಏನು ಬರೆಯಲಿ ಎಂದು ಕೇಳಿದರು. ಮಗಳನ್ನು ಒಂದು ದಿನ ಇಟ್ಟುಕೊಳ್ಳುವುದು ಎಂದು ತಾಯಪ್ಪ ಬರೆಸಿದರು.

ಹೆಬ್ಬೆಟ್ಟು ಒತ್ತುವ ಮೊದಲು ಅವಳು ಇವತ್ತು ಯಾವ ವಾರ ಎಂದು ಕೇಳಿದಳು. ಬುಧವಾರ ಎಂದ ಹುಲಗಪ್ಪ.

"ಇವತ್ತ ಕಳಸ್ತಿದ್ದೆರೀ," ಎಂದಳು ಮರಿಲಿಂಗಮ್ಮ.