ಸಂದರ್ಶನದ ಮೂರನೇ ಕುರ್ಚಿ

"ಯಾರ್ರೀ ಲೈನ್ ನಿಲ್ಲಿಸಿದ್ದು?"

ಆ ಗಡಸು ದನಿಗೆ ಹರಿತಾ ಬೆಚ್ಚಿ ತಿರುಗಿದಳು.

ಗೌರಿಬಿದನೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳಿಗದು ಮೊದಲ ದಿನ. ಚಿಕ್ಕಬಳ್ಳಾಪುರದಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್. ವಿಷಯ ಮಾನವ ಸಂಪನ್ಮೂಲ ನಿರ್ವಹಣೆ. ಹೆಣ್ಣುಮಕ್ಕಳು ಇಲ್ಲಿ ಕೆಲಸ ಬಿಟ್ಟು ಹೋಗುವುದೇಕೆ ಎಂಬುದು ಅವಳ ಪ್ರಾಜೆಕ್ಟಿನ ಪ್ರಶ್ನೆ.

ಉತ್ತರ ಬೇಗ ಸಿಗಲೆಂದು, ಕಾಲರ್ ಹೊಲಿಯುತ್ತಿದ್ದ ಅಮ್ಮಾಜಮ್ಮನನ್ನೇ ಮಷೀನಿನಿಂದ ಎಬ್ಬಿಸಿ ಪಕ್ಕಕ್ಕೆ ಕರೆದಿದ್ದಳು. ಒಬ್ಬರು ಎದ್ದರೆ ಹಿಂದಿನವರ ಬಳಿ ಬಟ್ಟೆ ಗುಡ್ಡೆಯಾಗುತ್ತದೆ, ಮುಂದಿನವರು ಬರಿಗೈಯಲ್ಲಿ ಕೂರುತ್ತಾರೆ. ಅಷ್ಟು ಸಣ್ಣ ಸಂಗತಿ ಅವಳಿಗೆ ಹೊಳೆದಿರಲೇ ಇಲ್ಲ!

"ನಾನೇ ಸಾರ್..."

"ಎಚ್‌ಆರ್ ಸ್ಟೂಡೆಂಟಾ? ಮನುಷ್ಯರ ಬಗ್ಗೆ ಓದೋರು ಹಿಂಗಾ ಮಾಡೋದು?"

ತಪ್ಪು ತನ್ನದೇ ಎಂದು ಗೊತ್ತಿತ್ತು. ಆದರೂ ಎಲ್ಲರೆದುರು ಬೈಸಿಕೊಳ್ಳುವುದೇ? ಹರಿತಾಳ ಮೂಗು ಕೆಂಪಾಯಿತು.

"ಓದಿದೀನಿ ಸಾರ್. ಮನುಷ್ಯರಿಗೆ ಮೆಲ್ಲಗೆ ಹೇಳಿದ್ರೂ ಕೇಳ್ಸುತ್ತೆ ಅಂತ!"

ಸಾಲಿನುದ್ದಕ್ಕೂ ನಗೆ ಉಕ್ಕಿತು. ಅವನ ತುಟಿಯಂಚೂ ಅದುರಿತು.

"ಸರಿ ಕಣ್ರೀ... ಊಟದ ಬಿಡುವಲ್ಲಿ ಕೇಳಿ. ನಾನೇ ಎಲ್ರನ್ನೂ ಕರ್ಕೊಂಡು ಬರ್ತೀನಿ."

ಅವನು ಮುರಳಿಮೋಹನ್. ದಿಬ್ಬೂರಹಳ್ಳಿಯ ರೇಷ್ಮೆ ಬೆಳೆಗಾರರ ಮನೆಯ ಹುಡುಗ, ಕಾರ್ಖಾನೆಯ ಎಚ್‌ಆರ್ ಅಧಿಕಾರಿ. ಹೇಳಿದಂತೆಯೇ ನಡೆದುಕೊಂಡ. ದಿನವೂ ಕ್ಯಾಂಟೀನಿನ ಮೂಲೆಯ ಬೆಂಚು ಅವಳಿಗೆ ಮೀಸಲಾಯಿತು.

ಒಂದು ಮಧ್ಯಾಹ್ನ ಒಬ್ಬಾಕೆ, "ಮಗೂನ ನೋಡ್ಕೊಳ್ಳೋರಿಲ್ಲ, ಅದಕ್ಕೇ ಬಿಡ್ತಿದೀನಿ ಮೇಡಂ. ಕೆಲ್ಸ ಅಂದ್ರೆ ನಂಗೆ ಪ್ರಾಣ" ಎಂದು ಅತ್ತಳು. ಅವಳು ಎದ್ದುಹೋದ ಮೇಲೂ ಹರಿತಾಳ ಪೆನ್ನು ಮುಂದೆ ಸಾಗಲಿಲ್ಲ. ಮುರಳಿ ನೀರಿನ ಲೋಟವನ್ನು ಅವಳತ್ತ ಸರಿಸಿ, ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಅವಳು ಕಣ್ಣೊರೆಸಿಕೊಳ್ಳುವವರೆಗೂ ತಿರುಗಲಿಲ್ಲ.

'ಇವನು ನನ್ನ ಅಳೂನೂ ಗೌರವಿಸ್ತಾನಾ!' ಎದೆಯೊಳಗೆ ಏನೋ ಜಾರಿದಂತಾಯಿತು...

ಅಲ್ಲಿಂದ ಮುಂದೆ ತನ್ನೂರು ತೊಂಡೇಬಾವಿಯಿಂದ ಬರುವ ಬೆಳಗಿನ ರೈಲು ಅವಳಿಗೆ ತೀರಾ ನಿಧಾನವೆನಿಸತೊಡಗಿತು!

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಎಚ್‌ಆರ್ ಟ್ರೈನಿ ಹುದ್ದೆಯೊಂದು ಖಾಲಿಯಾಯಿತು. ಹರಿತಾ ಅರ್ಜಿ ಹಾಕಿದವಳೇ ಅವನ ಬಳಿಗೆ ಓಡಿದಳು.

"ಸಾರ್, ನಾನೂ ಅಪ್ಲೈ ಮಾಡ್ದೆ! ಇಂಟರ್‌ವ್ಯೂನಲ್ಲಿ ನೀವೂ ಇರ್ತೀರಂತೆ!"

ಅವನ ಮುಖದ ಬಣ್ಣವೇ ಇಳಿಯಿತು.

"ಓ... ಹೌದಾ. ಇನ್ಮೇಲೆ ಏನಿದ್ರೂ ನಮ್ಮ ಹೆಡ್ ಷಮೀಮ್ ಮೇಡಂ ಹತ್ರ ಕೇಳಿ."

ಅಷ್ಟೇ! ಮರುದಿನ ಕ್ಯಾಂಟೀನಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಎದುರು ಸಿಕ್ಕರೂ ತಲೆಬಗ್ಗಿಸಿ ಸರಿದುಹೋದ.

'ನಾನು ಲಾಯಕ್ಕಿಲ್ಲ ಅಂತಲಾ? ಅಥವಾ ಇವಳು ಇಲ್ಲೇ ಉಳೀತಾಳೆ ಅಂತ ಭಯಾನಾ? ಸ್ಟೂಡೆಂಟ್ ಅಂತ ಇಷ್ಟು ದಿನ ಸಹಿಸ್ಕೊಂಡಿದ್ರಾ...?'

ದಿಂಬು ಒದ್ದೆಯಾಯಿತು. ಅರ್ಜಿ ಹಿಂದಕ್ಕೆ ಪಡೆಯಲೇ ಎಂದೂ ಯೋಚಿಸಿದಳು. ಇಲ್ಲ! ಅವನ ಕಣ್ಣೆದುರೇ ಗೆದ್ದು ತೋರಿಸಬೇಕು!

ಸಂದರ್ಶನದ ದಿನ ಬಂತು. ಬಾಗಿಲು ತಳ್ಳಿದರೆ ಮೂರು ಕುರ್ಚಿಗಳು. ಒಂದರಲ್ಲಿ ಎಚ್‌ಆರ್ ಮುಖ್ಯಸ್ಥೆ ಷಮೀಮ್, ಇನ್ನೊಂದರಲ್ಲಿ ಉತ್ಪಾದನಾ ವಿಭಾಗದ ವೆಂಕಟರಾಯಪ್ಪ.

ಮೂರನೆಯದು ಖಾಲಿ.

'ನನ್ನ ಮುಖ ನೋಡೋಕೂ ಇಷ್ಟವಿಲ್ಲವಾ!' ಆದರೂ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಹೆಣ್ಣುಮಕ್ಕಳು ಕೆಲಸ ಬಿಡುವ ಕಾರಣ, ಶಿಶುವಿಹಾರದ ಸಮಯ, ರಜೆಯ ನಿಯಮ... ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸಿದಳು. ವೆಂಕಟರಾಯಪ್ಪನವರು ತಲೆದೂಗಿದರು.

"ಕೊನೇ ಪ್ರಶ್ನೆ" ಎಂದರು ಷಮೀಮ್. "ಪ್ಯಾನೆಲ್‌ನಲ್ಲಿರೋ ಒಬ್ಬರಿಗೆ ಕ್ಯಾಂಡಿಡೇಟ್ ತುಂಬಾ ಬೇಕಾದೋರು ಅಂದ್ಕೊಳ್ಳಿ. ಆಗ ಅವರು ಏನ್ಮಾಡ್ಬೇಕು?"

ಅಯ್ಯೋ, ಇದು ಸುಲಭ! ತರಗತಿಯಲ್ಲಿ ಇದನ್ನೇ ಸೆಮಿನಾರ್ ಮಾಡಿದ್ದಳು.

"ಮೇಲಿನವರಿಗೆ ತಿಳಿಸಿ ಪ್ಯಾನೆಲ್‌ನಿಂದ ಹೊರಗೆ ಬರ್ಬೇಕು ಮೇಡಂ. ರಿಸಲ್ಟ್ ಬರೋವರ್ಗೂ ಕ್ಯಾಂಡಿಡೇಟ್ ಜೊತೆ ಮಾತು ಕಮ್ಮಿ ಮಾಡ್ಬೇಕು. ಇಲ್ಲಾಂದ್ರೆ ಆಮೇಲೆ ಆ ಕ್ಯಾಂಡಿಡೇಟ್ ಸ್ವಂತ ಯೋಗ್ಯತೆಯಿಂದ ಗೆದ್ರೂ ಯಾರೂ..."

ಅವಳ ಕಣ್ಣು ನಿಧಾನವಾಗಿ ಆ ಖಾಲಿ ಕುರ್ಚಿಯತ್ತ ಹೊರಳಿತು.

ದೇವರೇ...!

"ಯಾರೂ...?" ಷಮೀಮ್ ನಗು ಅದುಮಿಕೊಂಡರು.

"ಯಾರೂ ನಂಬಲ್ಲ ಮೇಡಂ..." ಹರಿತಾಳ ಕಿವಿಯವರೆಗೂ ರಂಗೇರಿತ್ತು.

ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮತ್ತೆ ಕರೆದರು. "ಸೋಮವಾರದಿಂದ ಬನ್ನಿ. ನೀವು ನನಗೆ ರಿಪೋರ್ಟ್ ಮಾಡ್ಬೇಕು, ಬೇರೆ ಯಾರಿಗೂ ಅಲ್ಲ."

ಮೆಟ್ಟಿಲಿಳಿಯುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ! ಪಾಳಿ ಮುಗಿಸಿ ಬರುತ್ತಿದ್ದ ಅಮ್ಮಾಜಮ್ಮ ಅಡ್ಡ ಸಿಕ್ಕಳು.

"ಏಮ್ಮಾ ಹರಿತಮ್ಮಾ, ಒಸಿ ಹೋಗಿ ನೋಡವ್ವ! ನಮ್ಮ ಸಾರು ಮೊಟ್ಟೆ ಇಕ್ಕೋ ಕೋಳಿ ಥರ ಗೇಟತ್ರ ಓಡಾಡ್ತಾವ್ರೆ!"

ನಿಜಕ್ಕೂ ಹಾಗೇ ಇದ್ದ. ಅವಳನ್ನು ಕಂಡದ್ದೇ ನಿಂತುಬಿಟ್ಟ.

"ಏನಾಯ್ತು?"

"ನಿಮಗ್ಯಾಕೆ? ಕುರ್ಚಿ ಬಿಟ್ಟು ಓಡಿಹೋದೋರಿಗೆ ಹೇಳಲ್ಲ!"

"ಹರಿತಾ, ಪ್ಲೀಸ್..."

"ಸಿಕ್ತು!"

ಅವನು ಉಸಿರು ಬಿಟ್ಟ ಸದ್ದು ಅವಳಿಗೂ ಕೇಳಿಸಿತು. ಅವಳ ಕಣ್ಣು ತುಂಬಿಬಂದಿತು.

"ಒಂದೇ ಒಂದು ಮಾತು ಹೇಳ್ಬಾರ್ದಿತ್ತಾ? ಎಷ್ಟು ಅತ್ತಿದೀನಿ ಗೊತ್ತಾ?"

"ಮೊದ್ಲೇ ಹೇಳಿದ್ರೆ... ನೀವು ಕೆಲ್ಸಕ್ಕೋಸ್ಕರ ಹೂಂ ಅಂದ್ರೋ, ಮನಸಾರೆ ಅಂದ್ರೋ ಅಂತ ನನಗೂ ಗೊತ್ತಾಗ್ತಿರ್ಲಿಲ್ಲ. ಈ ಕೆಲ್ಸ ನಿಮ್ಮ ಯೋಗ್ಯತೆಯಿಂದ್ಲೇ ನಿಮಗೆ ಸಿಗ್ಬೇಕಿತ್ತು. ಆದ್ರೆ ಕಾರಣ ಹೇಳ್ದೆ ಮುಖ ತಿರುಗಿಸ್ಕೊಂಡೆ ನೋಡಿ, ಅದು ತಪ್ಪು. ನಿಮ್ಮನ್ನ ನೋಡಿದ್ರೆ ಬಾಯಿ ತಪ್ಪಿ ಹೇಳ್ಬಿಡ್ತೀನಿ ಅಂತ ಹೆದರಿಕೆ ಆಗಿತ್ತು."

"ಏನು ಹೇಳ್ಬಿಡ್ತೀರ?" ಅವಳು ಪಿಸುಗುಟ್ಟಿದಳು.

"ನೀವಿಲ್ಲದ ಆ ಕ್ಯಾಂಟೀನು ನಂಗೆ ಸೇರಲ್ಲ ಅಂತ. ನೀವು ಅಂದ್ರೆ ನಂಗೆ ಪ್ರೀತಿ ಅಂತ."

ಗೇಟಿನಿಂದ ಹೆಂಗಸರು ಗಲಗಲ ಮಾತಾಡುತ್ತ ಹೊರಬೀಳುತ್ತಿದ್ದರು. ಹರಿತಾ ಕಣ್ಣೊರೆಸಿಕೊಂಡು, ನಕ್ಕು, ಸರಕ್ಕನೆ ಕಾರ್ಖಾನೆಯ ಕಡೆ ತಿರುಗಿದಳು.

"ಎಲ್ಲಿಗೆ?"

"ಷಮೀಮ್ ಮೇಡಂ ಹತ್ರ. ನಾನೂ ಒಂದು ವಿಷ್ಯ ತಿಳಿಸ್ಬೇಕು."

"ಏನಂತ?"

"ಕ್ಯಾಂಡಿಡೇಟ್‌ಗೂ ಅವರು ತುಂಬಾ ಬೇಕಾದೋರು ಅಂತ!"

ಅವನು ಎರಡು ಹೆಜ್ಜೆ ಅವಳ ಹಿಂದೆಯೇ ಬಂದ.

"ನಾನೂ... ನಾನೂ ಬರ್ಲಾ?"

"ಬನ್ನಿ." ಅವಳು ಮೆಲ್ಲನೆ ಕೈ ಚಾಚಿದಳು. "ಆದ್ರೆ ಈ ಸಲ ಹೊರಗೇ ನಿಂತ್ಬಿಡ್ಬೇಡಿ."